ಒಂದನೇ ಕ್ಲಾಸಿಗೆ ಯಾರು ಪಾಠ ಮಾಡಬೇಕು?

ಚೆನ್ನೈನ ಪ್ಯಾರೀಸ್ ಕಾರ್ನರಿನಲ್ಲಿ ಬಸ್ಸಿಳಿದು ಸ್ವಲ್ಪ ಒಳಗೆ ನಡೆದರೆ ಆಂಡರ್ಸನ್ ಬೀದಿ ಸಿಗುತ್ತದೆ. ಅದು ಕಾಗದದ ಬೀದಿ. ರೀಮುಗಟ್ಟಲೆ ಬಿಳಿ ಹಾಳೆ, ಬಿಲ್ ಪುಸ್ತಕ, ಕ್ಯಾಲೆಂಡರು, ಎಲ್ಲಕ್ಕಿಂತ ಹೆಚ್ಚಾಗಿ ಮದುವೆಯ ಕಾರ್ಡು. ಆ ಶನಿವಾರ ಮಧ್ಯಾಹ್ನ ತಾಯಿ, ಮಗಳು ಇಬ್ಬರೂ ಒಂದು ಅಂಗಡಿಯ ಮೆಟ್ಟಿಲು ಹತ್ತಿ, ದಪ್ಪನೆಯ ಬಿಳಿ ಕಾರ್ಡ್ ಶೀಟು ಬೇಕು, ನಾಲ್ಕಿಂಚಿನ ಚೌಕಗಳಾಗಿ ಕತ್ತರಿಸಿ ಕೊಡಬೇಕು ಎಂದಾಗ ಅಂಗಡಿಯವರು ಮಗಳ ಕಡೆ ನೋಡಿ ತಮಿಳಿನಲ್ಲಿ ಕೇಳಿದರು: "ಮದುವೆ ಯಾವಾಗಮ್ಮ?"

"ಮದುವೆಗಲ್ಲ ಅಣ್ಣ, ಅಕ್ಷರಕ್ಕೆ" ಅಂದರು ತಾಯಿ, ಅವರೂ ತಮಿಳಿನಲ್ಲೇ. "ಒಂದನೇ ಕ್ಲಾಸಿನ ಮಕ್ಕಳಿಗೆ."

ತಾಯಿ ತಾಳವಾಡಿ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ತಾಳವಾಡಿ ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ, ಮಾತು ಬಹುಪಾಲು ಕನ್ನಡ. ಚಾಮರಾಜನಗರ ಅವರಿಗೆ ಪಕ್ಕದ ಊರು. ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಮಾತ್ರ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಡಾ. ರಾಜಕುಮಾರ್ ಅವರ ಗಾಜನೂರು ಅಲ್ಲಿಯದೇ. 1956ರಲ್ಲಿ ರಾಜ್ಯಗಳ ಗಡಿ ತಿದ್ದಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಉಳಿದುಕೊಂಡಿತು. ಅಲ್ಲಿ ಈಗಲೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಈ ತಾಯಿ 2003ರಿಂದ ಅಂಥದ್ದೊಂದರಲ್ಲಿ ಒಂದು, ಎರಡನೇ ತರಗತಿಗಳಿಗೆ ಪಾಠ ಮಾಡುತ್ತ ಬಂದಿದ್ದಾರೆ.

ಮಗಳು ಬೆಂಗಳೂರಿನಲ್ಲಿ ಶಿಕ್ಷಣ ವಿಷಯದಲ್ಲಿ ಎಂ.ಎ. ಮಾಡಿದವಳು. ಮಕ್ಕಳು ಮೊದಮೊದಲು ಓದಲು, ಬರೆಯಲು ಕಲಿಯುವುದು ಹೇಗೆ ಎಂಬುದನ್ನೇ ವಿಶೇಷವಾಗಿ ಓದಿದ್ದಾಳೆ. ಈಗ ಚೆನ್ನೈನ ಒಂದು ಸಂಸ್ಥೆಯಲ್ಲಿ ಕೆಲಸ. ಚಿಕ್ಕ ಮಕ್ಕಳ ಓದಿಗೆ ಬೇಕಾದ ಪುಸ್ತಕ, ಚಟುವಟಿಕೆ ತಯಾರಿಸುವುದು, ಟೀಚರುಗಳಿಗೆ ತರಬೇತಿ ಕೊಡುವುದು.

ಇಬ್ಬರಿಗೂ ಕಾಗದದ ಮೇಲೆ ಒಂದೇ ತೊಡಕು. ಎಂ.ಎ. ಆಗಿದ್ದರೂ ಮಗಳು ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಟೀಚರ್ ಆಗುವ ಹಾಗಿಲ್ಲ. ಅದಕ್ಕೆ ಬೇಕಾದ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ ಅವಳಲ್ಲಿಲ್ಲ. ತಾಯಿಗೆ ಡಿಪ್ಲೊಮಾ ಇದೆ, ಇಪ್ಪತ್ತು ವರ್ಷ ದಾಟಿದ ಸೇವೆ ಇದೆ. ಆದರೂ ಅವರು ಆ ಕುರ್ಚಿಯಲ್ಲಿ ಮುಂದುವರಿಯಬೇಕಾದರೆ ಈಗ ಹೊಸದಾಗಿ ಒಂದು ಪರೀಕ್ಷೆ ಪಾಸು ಮಾಡಬೇಕು.

"ಇಬ್ಬರನ್ನೂ ಸೇರಿಸಿದರೂ ಒಬ್ಬ ಟೀಚರ್ ಆಗಲ್ಲ ನೋಡು" ಎಂದು ತಾಯಿ ಆಗಾಗ ಹೇಳುವುದುಂಟು. ನಗುತ್ತಲೇ ಹೇಳುತ್ತಾರೆ. ಆದರೆ ಚೀಲದಲ್ಲಿ ಗೈಡ್ ಪುಸ್ತಕ ಇರುತ್ತದೆ.

*

ಆ ಪರೀಕ್ಷೆಯ ಹೆಸರು ಶಿಕ್ಷಕರ ಅರ್ಹತಾ ಪರೀಕ್ಷೆ, ಎಲ್ಲರ ಬಾಯಲ್ಲಿ ಟಿಇಟಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಕಲಂ ಶಿಕ್ಷಕರಿಗೆ ಕನಿಷ್ಠ ಅರ್ಹತೆ ಇರಬೇಕೆಂದಿತು. 2010ರ ಆಗಸ್ಟ್ 23ರಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಒಂದರಿಂದ ಎಂಟನೇ ತರಗತಿವರೆಗೆ ಪಾಠ ಮಾಡುವವರು ಟಿಇಟಿ ಪಾಸಾಗಿರಬೇಕೆಂದು ಅಧಿಸೂಚನೆ ಹೊರಡಿಸಿತು. ಅದಕ್ಕೂ ಮೊದಲೇ ಕೆಲಸಕ್ಕೆ ಸೇರಿದ್ದವರು ಇದು ತಮಗಲ್ಲ ಎಂದುಕೊಂಡಿದ್ದರು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಆ ನಂಬಿಕೆಯನ್ನು ತೆಗೆದುಹಾಕಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸು ಮಾಡಬೇಕು, ಇಲ್ಲವಾದರೆ ಕೆಲಸ ಬಿಡಬೇಕು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಆದರೆ ಬಡ್ತಿ ಇಲ್ಲ. ತೀರ್ಪಿಗೆ ಕಾರಣವಾದ ಮೊಕದ್ದಮೆಗಳು ಹೋದದ್ದು ಮಹಾರಾಷ್ಟ್ರದಿಂದ ಮತ್ತು ತಮಿಳುನಾಡಿನಿಂದ.

ತಾಯಿಗೆ ಈಗ ಐವತ್ತು. ತಮಿಳುನಾಡಿನಲ್ಲಿ ನಿವೃತ್ತಿ ಅರವತ್ತಕ್ಕೆ. ಲೆಕ್ಕ ಸರಳ.

ಒಂದರಿಂದ ಐದನೇ ತರಗತಿಯ ಟೀಚರುಗಳಿಗಿರುವ ಪ್ರಶ್ನೆಪತ್ರಿಕೆಯಲ್ಲಿ 150 ಪ್ರಶ್ನೆ. ಮಗುವಿನ ಬೆಳವಣಿಗೆ ಮತ್ತು ಬೋಧನೆ, ಮೊದಲ ಭಾಷೆ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ, ಒಂದೊಂದಕ್ಕೆ 30. ಮೊದಲ ಭಾಷೆಯಾಗಿ ಕನ್ನಡ ತೆಗೆದುಕೊಳ್ಳಲು ತಮಿಳುನಾಡಿನಲ್ಲಿ ಅವಕಾಶವಿದೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ, ಒಂದನ್ನು ಗುರುತು ಮಾಡಬೇಕು. ನೂರಕ್ಕೆ 60 ಅಂಕ ಬಂದರೆ ಪಾಸು. ಮೀಸಲು ವರ್ಗಗಳಿಗೆ ರಿಯಾಯಿತಿ ಇದೆ. ಒಂದು ಮಗುವನ್ನು ಮುಂದೆ ಕೂರಿಸಿಕೊಂಡು ಅದು ಎಲ್ಲಿ ತಡವರಿಸುತ್ತಿದೆ ಎಂದು ಕಂಡುಹಿಡಿಯುವ ಪ್ರಶ್ನೆ ಅದರಲ್ಲಿಲ್ಲ. ಅಂಥ ಪರೀಕ್ಷೆಯಲ್ಲಿ ಅದು ಇರಲು ಸಾಧ್ಯವೂ ಇಲ್ಲ.

ಇದರ ಜೊತೆಗೇ ನೆನಪಿಡಬೇಕಾದ ಇನ್ನೊಂದು ತೀರ್ಪು 2023ರ ಆಗಸ್ಟ್ 11ರದು. ಬಿ.ಎಡ್. ಮಾಡಿದವರು ಪ್ರಾಥಮಿಕ ತರಗತಿಗಳಿಗೆ ಅರ್ಹರಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. ದೊಡ್ಡ ಪದವಿ ಇದ್ದವರಿಗೆ ಚಿಕ್ಕ ಮಕ್ಕಳಿಗೆ ಕಲಿಸಲು ಬರುತ್ತದೆ ಎಂದೇನಿಲ್ಲ, ಅದಕ್ಕೆ ಬೇರೆಯದೇ ತರಬೇತಿ ಬೇಕು ಎಂಬುದು ಅದರ ತಿರುಳು. ಕೆಲಸ ಕಳೆದುಕೊಂಡವರಿಗೆ ಕಹಿಯಾದರೂ, ಒಂದನೇ ಕ್ಲಾಸಿನ ಕೆಲಸಕ್ಕೆ ಅಷ್ಟು ಗೌರವ ಕೊಟ್ಟ ಮಾತು ನಮ್ಮಲ್ಲಿ ಅಪರೂಪ. ಮಾತೇನೋ ಸರಿ, ಆ ಬೇರೆ ತರಬೇತಿ ಯಾವುದು, ಅದು ಬಂದಿದೆ ಎಂದು ಅಳೆಯುವುದು ಹೇಗೆ ಎಂಬುದು ಉಳಿದ ಪ್ರಶ್ನೆ. ಅದು ಹೊಸ ಪ್ರಶ್ನೆಯಲ್ಲ. ಪ್ಯಾರೀಸ್ ಕಾರ್ನರಿನ ಸುತ್ತಮುತ್ತಲೇ ಅದಕ್ಕೆ ಇನ್ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ.

*

ಕತ್ತರಿಸುವ ಯಂತ್ರದ ಮುಂದೆ ಸಾಲಿತ್ತು. ಎರಡು ಗಂಟೆ ಬಿಟ್ಟು ಬನ್ನಿ ಅಂದರು ಅಂಗಡಿಯವರು. ತಾಯಿ, ಮಗಳು ಊಟ ಮುಗಿಸಿ ಮೂಲೆಯ ಸಿಗ್ನಲ್ಲಿನ ಕಡೆ ನಡೆದರು.

ಆ ಮೂಲೆಗೆ ಹೆಸರು ಬಂದದ್ದು 1788ರಲ್ಲಿ ವೇಲ್ಸಿನಿಂದ ಬಂದು ವ್ಯಾಪಾರ ಶುರುಮಾಡಿದ ಥಾಮಸ್ ಪ್ಯಾರಿಯಿಂದ. ಅವನ ಕಂಪನಿಯ ಡೇರ್ ಹೌಸ್ ಕಟ್ಟಡ ಈಗಲೂ ಅಲ್ಲಿದೆ. ಅದರ ಬಳಿ ಒಂದು ಹಳೆಯ ಗಡಿಕಲ್ಲು ಉಂಟು. ಕೋಟೆಯ ಮುಂದಿನ ಬಯಲಿನಲ್ಲಿ ಯಾರೂ ಮನೆ ಕಟ್ಟಬಾರದೆಂದು 1773ರಲ್ಲಿ ನೆಟ್ಟ ಆರು ಕಲ್ಲುಗಳಲ್ಲಿ ಉಳಿದದ್ದು ಅದೊಂದೇ. ಕಲ್ಲಿನ ಮೇಲೆ ಅಕ್ಷರಗಳಿವೆ. ದಿನಕ್ಕೆ ಸಾವಿರಾರು ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ಓದುವವರಿಲ್ಲ.

ಮಗಳು ರಸ್ತೆಯಾಚೆಯ ಹೈಕೋರ್ಟಿನ ಕೆಂಪು ಗೋಪುರಗಳ ಕಡೆ ಕೈ ತೋರಿಸಿದಳು. ಆ ಆವರಣ ದಾಟಿದರೆ ಸೇಂಟ್ ಜಾರ್ಜ್ ಕೋಟೆ. "ಬಳ್ಳಾರಿ ಕಲೆಕ್ಟರ್ ಬರೆದಿದ್ದು ಅಲ್ಲಿಗೇ ಅಮ್ಮ."

"ಆ ಗಿಳಿಯ ಮಾತು ಬರೆದನಲ್ಲ, ಅವನಾ?"

"ಅವನೇ."

1822ರ ಜೂನಿನಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೊ, ಪ್ರೆಸಿಡೆನ್ಸಿಯ ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ, ಏನು ಓದುತ್ತಿದ್ದಾರೆ ಎಂದು ಲೆಕ್ಕ ಕಳಿಸಲು ಕಲೆಕ್ಟರುಗಳಿಗೆ ಸೂಚಿಸಿದ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ಅಲ್ಲಿನ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್, ತೆಲುಗು ವ್ಯಾಕರಣವನ್ನೇ ಬರೆದಿದ್ದ ಮನುಷ್ಯ. ಹಲವರು ಬರೀ ಅಂಕಿಅಂಶ ಕಳಿಸಿದರೆ ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಶಾಲೆಯೊಳಗೆ ನಡೆಯುವುದನ್ನೆಲ್ಲ ವಿವರವಾಗಿ ಬರೆದ.

ಅವನ ಲೆಕ್ಕದಲ್ಲಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅವುಗಳಲ್ಲಿ ಕನ್ನಡದ್ದು 235, ತೆಲುಗಿನದು 226. ಓದುವ ಮಕ್ಕಳು 6,641. ಎಂದರೆ ಸಾವಿರಕ್ಕೆ ಏಳು. ಅಷ್ಟರಲ್ಲಿ ಹೆಣ್ಣುಮಕ್ಕಳು ಬರೀ 60.

ಈ ವರದಿಯನ್ನು 1983ರಲ್ಲಿ ಧರಂಪಾಲ್ ಮತ್ತೆ ಅಚ್ಚು ಹಾಕಿಸಿದ ಮೇಲೆ ಅದನ್ನು ಹಿಡಿದು ಜಗಳವಾಡಿದವರು ಬಹಳ. ಬ್ರಿಟಿಷರು ಬರುವ ಮೊದಲೇ ಊರೂರಲ್ಲಿ ಶಾಲೆ ಇತ್ತು ಎನ್ನುವವರು 533ನ್ನು ತೋರಿಸುತ್ತಾರೆ. ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ ಎಂದು ಕೇಳುವವರು 60ನ್ನು ತೋರಿಸುತ್ತಾರೆ. ಎರಡೂ ನಿಜ. ಆದರೆ ಒಂದನೇ ಕ್ಲಾಸಿನ ಟೀಚರಿಗೆ ಆ ವರದಿಯಲ್ಲಿ ಕಣ್ಣಿಗೆ ಬೀಳುವುದು ಬೇರೆ.

ಮಕ್ಕಳು ಮೊದಲು ನೆಲದ ಮೇಲೆ ಮರಳು ಹರವಿಕೊಂಡು ಬೆರಳಲ್ಲಿ ಅಕ್ಷರ ತಿದ್ದುತ್ತಿದ್ದರು. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಮರದ ಹಲಗೆಗೆ ಅಕ್ಕಿ, ಇದ್ದಿಲ ಪುಡಿ ಸೇರಿಸಿ ಬಳಿದರೆ ಬರೆಯಲು ಸಿದ್ಧ. ಬಟ್ಟೆಗೆ ಗಂಜಿ ಹಾಕಿ ಬಿರುಸುಮಾಡಿ, ಪುಸ್ತಕದಂತೆ ಮಡಚಿ, ಇದ್ದಿಲು, ಅಂಟು ಬಳಿದರೆ ಅದು ಕಡತ. ಎರಡರ ಮೇಲೂ ಬರೆಯುವುದು ಬಳಪದಲ್ಲಿ, ಒರೆಸುವುದು ಒದ್ದೆ ಬಟ್ಟೆಯಲ್ಲಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನ ಕೈಗೆ ಸೊನ್ನೆ, ಮೂರನೆಯವನಿಂದ ಏಟು ಶುರು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದರು.

ಈ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡ. ಇಂಗ್ಲೆಂಡ್ ಇದನ್ನು ಅನುಸರಿಸಿದ್ದು ಸರಿಯಾಗಿಯೇ ಇದೆ ಎಂದೂ ಬರೆದ. ಅವನ ಮನಸ್ಸಿನಲ್ಲಿದ್ದದ್ದು ಮದ್ರಾಸಿನಲ್ಲೇ ನಡೆದ ಸಂಗತಿ. ಎಗ್ಮೋರಿನ ಅನಾಥ ಗಂಡುಮಕ್ಕಳ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರೂ ಬೆಲ್, ಒಂದು ದಿನ ಕುದುರೆ ಮೇಲೆ ಹೋಗುತ್ತಿದ್ದಾಗ ದೇಶೀ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಮಾಡಿಸಿ ಎಂದರೆ ಅಲ್ಲಿನ ಮೇಷ್ಟರು ಒಪ್ಪಲಿಲ್ಲ. ಜಾನ್ ಫ್ರಿಸ್ಕೆನ್ ಎಂಬ ಪುಟ್ಟ ಹುಡುಗನ ಕೈಗೇ ಅಕ್ಷರ ಕಲಿಯುವ ತರಗತಿಯನ್ನು ಕೊಟ್ಟ. ಅದು ನಡೆಯಿತು. 1797ರಲ್ಲಿ ಲಂಡನ್ನಿನಲ್ಲಿ ಬೆಲ್ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ ಮೇಲೆ ಮದ್ರಾಸ್ ಪದ್ಧತಿ ಎಂದೇ ಅದು ಇಂಗ್ಲೆಂಡಿನಲ್ಲಿ ಹೆಸರಾಯಿತು. ನಮ್ಮ ಜಗಲಿ ಶಾಲೆಗಳ ಪಾಠಕ್ರಮ ಹಡಗು ಹತ್ತಿ ಹೋಗಿ ಅಲ್ಲಿನ ಬಡಮಕ್ಕಳಿಗೆ ಓದು ಕಲಿಸಿತು.

ಆದರೆ ಕ್ಯಾಂಪ್‌ಬೆಲ್ ಹೊಗಳಿ ಸುಮ್ಮನಾಗಲಿಲ್ಲ. ಬಳ್ಳಾರಿಯ ಶಾಲೆಗಳಲ್ಲಿ ಓದುತ್ತಿದ್ದದ್ದು ಹಳೆಯ ಕಾವ್ಯದ ಭಾಷೆ. ಆಡುಮಾತಿಗೂ ಅದಕ್ಕೂ ದೂರ. ಮಕ್ಕಳಿಗಿರಲಿ, ಮೇಷ್ಟರಿಗೇ ಅರ್ಥವಾಗುತ್ತಿರಲಿಲ್ಲ. ಹುಡುಗರು ರಾಶಿ ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಆದರೆ ಅದರ ಅರ್ಥ ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿದಿರುವುದು ಎಂಬರ್ಥದಲ್ಲಿ ಬರೆದ. ಕೈಬರಹ ಕಲಿಸುವುದರಲ್ಲಿ ಮೇಲು, ಓದಿ ತಿಳಿಯುವುದನ್ನು ಕಲಿಸುವುದರಲ್ಲಿ ಸೊನ್ನೆ. ಅಷ್ಟು ಹೊತ್ತಿಗಾಗಲೇ ಬಡತನದಿಂದ ಶಾಲೆಗಳು ಒಂದೊಂದಾಗಿ ಕಡಿಮೆಯಾಗುತ್ತಿದ್ದದ್ದನ್ನೂ ಅವನು ಮುಚ್ಚಿಡಲಿಲ್ಲ.

*

ಈ ಗಿಳಿಯ ಮಾತನ್ನು ಮಗಳು ಎಂ.ಎ. ಓದುವಾಗ ಅಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದಳು. ಅಮ್ಮನ ಉತ್ತರ ಎರಡು ದಿನ ಬರಲಿಲ್ಲ. ಆಮೇಲೆ ಫೋನು ಬಂತು. "ಅವನು ನನ್ನ ಶಾಲೆಗೆ ಬಂದಿದ್ದನೇನೇ?"

ನಡೆದದ್ದು ಇಷ್ಟು. ತಾಯಿಯ ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅಪ್ಪ ಎಲೆಕೋಸಿನ ಲಾರಿಗೆ ಮೂಟೆ ಹೊರುವವರು. ಹುಡುಗ ಪಾಠ ಓದು ಎಂದರೆ ಎದ್ದುನಿಂತು ಗಟ್ಟಿಯಾಗಿ, ಒಂದು ತಪ್ಪಿಲ್ಲದೆ ಓದುತ್ತಿದ್ದ. ಬಂದ ಅಧಿಕಾರಿಗಳ ಮುಂದೆ ಅವನನ್ನೇ ನಿಲ್ಲಿಸುವುದು. ಮಗಳು ಕಳಿಸಿದ್ದನ್ನು ಓದಿದ ಮರುದಿನ ಅವರು ಅವನ ಪಕ್ಕ ಹೋಗಿ ನಿಂತರು. ಹುಡುಗನ ಬೆರಳು ಒಂದು ಪದದ ಮೇಲಿತ್ತು, ಬಾಯಿ ಇನ್ನೊಂದು ಪದದಲ್ಲಿತ್ತು. ಅವರು ಮೆಲ್ಲಗೆ ಪುಟ ತಿರುಗಿಸಿದರು. ಹುಡುಗ ನಿಲ್ಲಿಸಲಿಲ್ಲ. ಹಿಂದಿನ ಪುಟದ ಪಾಠವನ್ನೇ ಕೊನೆಯವರೆಗೂ ಓದಿದ.

ಹತ್ತೊಂಬತ್ತು ವರ್ಷದ ಟೀಚರು ಆ ಕ್ಷಣ ಅಲ್ಲೇ ಕೂತುಬಿಟ್ಟರು. ಈ ಹುಡುಗ ಒಬ್ಬನೇ ಅಲ್ಲ, ಹಿಂದಿನ ಸಾಲುಸಾಲು ಮಕ್ಕಳು ನೆನಪಾದರು. ವರ್ಣಮಾಲೆಯನ್ನು ಅ ದಿಂದ ಳ ವರೆಗೆ ಹಾಡಿಸಿದ್ದರು. ಕಾಗುಣಿತ ಬೋರ್ಡಿನ ತುಂಬ ಬರೆದು ಕೋಲಿಟ್ಟು ಓದಿಸಿದ್ದರು. ಮಕ್ಕಳು ಕೋಲನ್ನು ನೋಡುತ್ತಿದ್ದರೋ, ಅಕ್ಷರವನ್ನೋ ಎಂದು ಯಾವತ್ತೂ ಪಕ್ಕದಲ್ಲಿ ಕೂತು ನೋಡಿರಲಿಲ್ಲ. ಡಿಪ್ಲೊಮಾದಲ್ಲಿ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಾವು ಕಲಿತ ಹಾಗೆ ತಾವು ಕಲಿಸಿದ್ದರು.

ಕನ್ನಡ ಓದಲು ಕಲಿಯುವುದು ದೊಡ್ಡವರು ಅಂದುಕೊಂಡಷ್ಟು ಹಗುರವಲ್ಲ. ವರ್ಣಮಾಲೆಯಲ್ಲಿ 49 ಅಕ್ಷರವೇನೋ ಸರಿ. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ, ಒತ್ತಕ್ಷರ ಬೇರೆ. ಇಂಗ್ಲಿಷಿನ ಮಗುವಿಗೆ 26 ಅಕ್ಷರ ಬೇಗ ಮುಗಿದು ಕಾಗುಣಿತದ ಗೋಜಲು ಆಮೇಲೆ ಬರುತ್ತದೆ. ಕನ್ನಡದ ಮಗುವಿಗೆ ಗೋಜಲು ಕಡಿಮೆ, ಅಕ್ಷರದ ರಾಶಿ ದೊಡ್ಡದು. ಬೆಂಗಳೂರಿನ ಸೊನಾಲಿ ನಾಗ್ ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ. ಅಕ್ಷರಜ್ಞಾನ ಒಂದು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯ ಹೊತ್ತಿಗೂ ಬೆಳೆಯುತ್ತಲೇ ಇರುತ್ತದೆ. ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿಯಲ್ಲಿ ಕನ್ನಡದ ಮಕ್ಕಳನ್ನೂ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಮರಾಠಿ ಮಕ್ಕಳನ್ನೂ ಮೂರು ವರ್ಷ ಹಿಂಬಾಲಿಸಿ 2017ರಲ್ಲಿ ವರದಿ ಕೊಟ್ಟರು. ಮೂರನೇ ತರಗತಿ ಮುಗಿಸುವ ಹೊತ್ತಿಗೂ ಹಲವು ಮಕ್ಕಳಿಗೆ ಗೊತ್ತಿಲ್ಲದ ಪದ ಎದುರಾದರೆ ಓದಲು ಕಷ್ಟ. ಓದಿದ್ದಕ್ಕೆ ಅರ್ಥ ಹುಡುಕುವ ಕೆಲಸಕ್ಕೆ ತರಗತಿಯಲ್ಲಿ ಜಾಗವೇ ಕಡಿಮೆ.

1823ರ ಬಳ್ಳಾರಿಯಿಂದ ನಮ್ಮ ಕಾಲದ ಯಾದಗಿರಿಗೆ ಸುಮಾರು ಇನ್ನೂರು ವರ್ಷ. ದೂರು ಹೆಚ್ಚು ಬದಲಾಗಿಲ್ಲ.

ತಾಯಿ ಆಮೇಲೆ ಮಾಡಿದ್ದು ಸಣ್ಣ ಕೆಲಸ. ಗಡಿಯಾಚೆ ಚಾಮರಾಜನಗರದ ಕಡೆ ಪಾಠ ಮಾಡುವ ಗೆಳತಿಯಿಂದ ನಲಿ-ಕಲಿಯ ಅಕ್ಷರಕ್ರಮ ತಿಳಿದುಕೊಂಡರು. ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಕೆಲಸ ನೋಡಿಬಂದ ಟೀಚರುಗಳೇ ಅದನ್ನು ಕಟ್ಟಿದರು. ಚೆನ್ನೈ ನಗರಪಾಲಿಕೆಯ ಶಾಲೆಗಳಲ್ಲಿ 2003ರಿಂದ ಬಂದ ಚಟುವಟಿಕೆ ಆಧಾರಿತ ಕಲಿಕೆಯ ಬೇರೂ ಅದೇ ರಿಷಿ ವ್ಯಾಲಿ. ನಲಿ-ಕಲಿಯಲ್ಲಿ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ. ಐದೇ ಅಕ್ಷರ, ಆದರೆ ಐದು ಬಂದ ಕೂಡಲೇ ಪದ ಮಾಡಬಹುದು. ಸರ. ಅರಸ. ಅಗಸ. ಗರಗಸ. ಕಾಗುಣಿತಕ್ಕೆ ಕಾಯಬೇಕಿಲ್ಲ, ಮೊದಲ ವಾರದಲ್ಲೇ ಮಗು ಓದಿದ್ದಕ್ಕೆ ಅರ್ಥ ಇರುತ್ತದೆ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಷರ ಬರೆದು, ಕತ್ತರಿಸಿ, ಆ ಹುಡುಗನ ಮುಂದೆ ಹರವಿದರು. ನೀನೇ ಜೋಡಿಸು, ಏನು ಬೇಕಾದರೂ ಮಾಡು ಎಂದರು. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಬಾಯಿಪಾಠಕ್ಕೆ ಅಲ್ಲಿ ದಾರಿ ಇರಲಿಲ್ಲ. 'ಸರ' ಜೋಡಿಸಿ ತೋರಿಸಿದ್ದನ್ನು ನೋಡಿದ. ಮರುದಿನವೂ ನೋಡಿದ. ಮೂರನೇ ದಿನ 'ದ' ತೆಗೆದು 'ರ' ಪಕ್ಕದಲ್ಲಿಟ್ಟ.

"ದರ" ಅಂದ. ಆಮೇಲೆ ತಲೆಯೆತ್ತಿ, "ಕೋಸಿಂದು ಮಿಸ್" ಅಂದ.

ಮನೆಯಲ್ಲಿ ದಿನಾ ಕೇಳುವ ಮಾತು ಅದು. ದರ ಬಂತು, ದರ ಬಿದ್ದೋಯ್ತು. ಅದನ್ನು ಅವನು ಕಾರ್ಡಿನಲ್ಲಿ ಕಂಡುಕೊಂಡಿದ್ದ. ಆ ವಿಷಯ ಫೋನಿನಲ್ಲಿ ಹೇಳುವಾಗ ತಾಯಿಯ ಗಂಟಲು ಕಟ್ಟಿತು. ಸಂತೋಷಕ್ಕೋ, ಹತ್ತೊಂಬತ್ತು ವರ್ಷಕ್ಕೋ ಮಗಳಿಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.

*

ಟೀಚರಿಗೆ ತರಬೇತಿ ಬೇಕು, ಸಂಬಳವೂ ಬೇಕು ಎಂಬುದು ಕೋಟೆಯೊಳಗೆ ಕೂತ ಮನ್ರೊನಿಗೂ ಹೊಳೆದಿತ್ತು. ಕಲೆಕ್ಟರುಗಳ ವರದಿಗಳನ್ನೆಲ್ಲ ಓದಿ 1826ರ ಮಾರ್ಚ್ 10ರಂದು ಅವನು ಒಂದು ಟಿಪ್ಪಣಿ ಬರೆದ. ತಿಂಗಳಿಗೆ ಆರೇಳು ರೂಪಾಯಿಗೆ ಯೋಗ್ಯರು ಯಾರೂ ಮೇಷ್ಟರಾಗುವುದಿಲ್ಲ ಎಂದ. ಮದ್ರಾಸಿನಲ್ಲಿ ಮೇಷ್ಟರುಗಳನ್ನು ತಯಾರು ಮಾಡುವ ಶಾಲೆಗೆ ಹಣ ಕೊಡಬೇಕು, 20 ಜಿಲ್ಲೆಗಳಲ್ಲಿ ಎರಡೆರಡು ದೊಡ್ಡ ಶಾಲೆ, ಅದಲ್ಲದೆ ತಹಸೀಲ್ದಾರಿ ಶಾಲೆಗಳು 300. ದೊಡ್ಡ ಶಾಲೆಯ ಮೇಷ್ಟರಿಗೆ 15 ರೂಪಾಯಿ, ತಹಸೀಲ್ದಾರಿ ಶಾಲೆಯವರಿಗೆ 9. ಎಲ್ಲ ಸೇರಿ ವರ್ಷಕ್ಕೆ 48,000 ರೂಪಾಯಿ. ಮರುವರ್ಷ ಜುಲೈನಲ್ಲಿ ಮನ್ರೊ ಕಾಲರಾದಿಂದ ಪತ್ತಿಕೊಂಡದಲ್ಲಿ ಸತ್ತ. ಅವನ ಪ್ರತಿಮೆ ಕೋಟೆಯ ಹತ್ತಿರವೇ ಕುದುರೆ ಮೇಲೆ ಕೂತಿದೆ. 1835ರ ನಂತರ ಸರ್ಕಾರದ ಹಣ, ಗಮನ ಇಂಗ್ಲಿಷಿನ ಕಡೆ ಹೊರಳಿತು. ಆ ತಹಸೀಲ್ದಾರಿ ಶಾಲೆಗಳು ಉಳಿಯಲಿಲ್ಲ.

ಮದ್ರಾಸಿನಲ್ಲಿ ಸರ್ಕಾರಿ ನಾರ್ಮಲ್ ಶಾಲೆ ಶುರುವಾದದ್ದು 1856ರಲ್ಲಿ, ವೇಪೇರಿಯಲ್ಲಿ. ಅದೇ ಮುಂದೆ ಸೈದಾಪೇಟೆಗೆ ಹೋಗಿ ಟೀಚರ್ಸ್ ಕಾಲೇಜಾಯಿತು. ಅಲ್ಲಿಂದ ಬರುವ ಎಲ್.ಟಿ. ಪದವಿಗೆ ದಕ್ಷಿಣ ಭಾರತದಲ್ಲೆಲ್ಲ ಬೆಲೆಯಿತ್ತು. ಸರ್ವೇಪಲ್ಲಿ ರಾಧಾಕೃಷ್ಣನ್ ಕೂಡ ಅಲ್ಲಿ ತರಬೇತಿ ಪಡೆದವರೇ. ಆದರೆ ಎಲ್.ಟಿ. ಹೈಸ್ಕೂಲಿನವರಿಗೆ. ಅಕ್ಷರ ಕಲಿಸುವವರ ಸರ್ಟಿಫಿಕೇಟು ಯಾವಾಗಲೂ ಅದಕ್ಕಿಂತ ಕೆಳಗಿನ ಮೆಟ್ಟಿಲು, ಸಂಬಳವೂ ಕೆಳಗೆ. ಮಗು ಚಿಕ್ಕದಾದಷ್ಟೂ ಟೀಚರೂ ಚಿಕ್ಕವರು ಎಂಬ ಲೆಕ್ಕ ಆಗಿನಿಂದ ಬಂದದ್ದು ಇನ್ನೂ ಹೋಗಿಲ್ಲ. ಡಿಪ್ಲೊಮಾ ಓದುವವರು ಈಗ ತಿಂಗಳುಗಟ್ಟಲೆ ಶಾಲೆಯಲ್ಲಿ ಅಭ್ಯಾಸ ಮಾಡಬೇಕು. ತಾಯಿಯ ಶಾಲೆಗೂ ಬರುತ್ತಾರೆ. ಬಂದವರಿಗೆ ನಾಲ್ಕನೆಯದೋ ಐದನೆಯದೋ ಕೊಡುತ್ತಾರೆ. ಒಂದನೇ ಕ್ಲಾಸು ಯಾರು ಬೇಕಾದರೂ ನೋಡಿಕೊಳ್ಳಬಹುದು ಎಂದು ಎಲ್ಲರಿಗೂ ಗೊತ್ತು.

ಬೇರೆ ಕಡೆ ಇದಕ್ಕೆ ದಾರಿ ಹುಡುಕಿದವರಿದ್ದಾರೆ. ಅಮೆರಿಕದಲ್ಲಿ ಓದು ಕಲಿಸುವುದೇ ಒಂದು ಸ್ನಾತಕೋತ್ತರ ವಿಷಯ. ಅದನ್ನು ಓದಿ ಪ್ರಮಾಣಪತ್ರ ಪಡೆದವರಿಗೆ ಶಾಲೆಗಳಲ್ಲಿ ಪ್ರತ್ಯೇಕ ಹುದ್ದೆಯಿದೆ. ಕ್ಯಾಲಿಫೋರ್ನಿಯಾದಲ್ಲಿ ಪ್ರಾಥಮಿಕ ಟೀಚರಾಗುವವರು ಓದು ಕಲಿಸುವುದರ ಬಗ್ಗೆ ಪ್ರತ್ಯೇಕ ಲಿಖಿತ ಪರೀಕ್ಷೆ ಬರೆಯಬೇಕಿತ್ತು. 2021ರ ಕಾನೂನಿನಂತೆ 2025ರ ಜುಲೈಯಿಂದ ಅದನ್ನು ನಿಲ್ಲಿಸಿ, ನಿಜವಾದ ತರಗತಿಯಲ್ಲಿ ನಿಜವಾದ ಮಕ್ಕಳಿಗೆ ಪಾಠ ಮಾಡಿದ್ದನ್ನೇ ನೋಡಿ ಅಳೆಯುವ ಕ್ರಮ ತಂದರು. ನಮ್ಮಲ್ಲಿ ಲಕ್ಷಗಟ್ಟಲೆ ಜನ ಟಿಇಟಿ ಬರೆಯುತ್ತಾರೆ. ಎಲ್ಲರ ಪಾಠವನ್ನೂ ನೋಡುವುದು ಆಗದ ಮಾತು ಎನ್ನಬಹುದು. ಆದರೆ ಈಗಾಗಲೇ ಕೆಲಸದಲ್ಲಿರುವ, ದಿನಾ ಮಕ್ಕಳ ಮುಂದೆ ನಿಲ್ಲುವ ಟೀಚರನ್ನಾದರೂ ಅವರ ತರಗತಿಗೇ ಹೋಗಿ ನೋಡಬಹುದಲ್ಲ? ಇನ್ಸ್‌ಪೆಕ್ಟರುಗಳು ಹೇಗೂ ಬರುತ್ತಾರೆ. ಗಟ್ಟಿಯಾಗಿ ಓದುವ ಹುಡುಗನ ಪಕ್ಕ ಹೋಗಿ ಅವನ ಬೆರಳೆಲ್ಲಿದೆ ಎಂದು ನೋಡಿದರೆ ಸಾಕು.

*

ಪರೀಕ್ಷೆಯ ಬಗ್ಗೆ ತಾಯಿಗೆ ಕೋಪವಿದೆ, ಆದರೆ ಮಗಳು ನಿರೀಕ್ಷಿಸಿದಷ್ಟಿಲ್ಲ. ಸಿಗ್ನಲ್ಲಿನಿಂದ ಮರಳಿ ನಡೆಯುವಾಗ ಆ ಮಾತು ಬಂತು.

"ಇಷ್ಟು ವರ್ಷ ಕೆಲಸ ಮಾಡಿದವರಿಗೆ ಪರೀಕ್ಷೆ ಇಡೋದು ಅನ್ಯಾಯ ಅಮ್ಮ. ನೀನು ಏನೂ ಹೇಳೋದೇ ಇಲ್ಲ."

"ಅನ್ಯಾಯ ಅಂತ ಸಂಘದ ಮೀಟಿಂಗಲ್ಲಿ ನಾನೂ ಕೈ ಎತ್ತಿದ್ದೀನಿ ಕಣೇ. ಆದರೆ ಇಷ್ಟು ವರ್ಷ ನನಗೆ ಯಾರೂ ಏನೂ ಕೇಳಲಿಲ್ಲವಲ್ಲ, ಅದು ನ್ಯಾಯವಾ? ಆ ಹುಡುಗ ಓದಲ್ಲ ಅಂತ ನನಗೆ ಗೊತ್ತಾಗಿದ್ದು ಪರೀಕ್ಷೆಯಿಂದಲೂ ಅಲ್ಲ, ಸರ್ವಿಸಿನಿಂದಲೂ ಅಲ್ಲ. ನೀನು ಕಳಿಸಿದ್ದನ್ನು ಓದಿದ್ದಕ್ಕೆ."

"ನನಗೂ ಗೊತ್ತಿದ್ದದ್ದು ಅಷ್ಟೇ. ಪುಟ ತಿರುಗಿಸಿ ನೋಡಬೇಕು ಅಂತ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ."

ತಾಯಿ ಮಾತಾಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ಹಾಗಾದರೆ ನೀನೂ ಆ ಡಿಪ್ಲೊಮಾ ಮಾಡು" ಅಂದರು. "ಎರಡು ವರ್ಷ ತಾನೇ. ಮಕ್ಕಳ ಹತ್ತಿರ ಕೂತರೆ ನೀನು ಬರೆಯೋ ಪುಸ್ತಕ ಬೇರೆ ಥರ ಆಗುತ್ತೆ."

ಎಂ.ಎ. ಆದ ಮೇಲೆ ಡಿಪ್ಲೊಮಾ. ಮೆಟ್ಟಿಲು ಇಳಿದ ಹಾಗೆ ಎಂದು ಕೇಳಿದವರೆಲ್ಲ ಅನ್ನುತ್ತಾರೆ. ಮಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಅಂಗಡಿಯಲ್ಲಿ ಕಾರ್ಡುಗಳು ಸಿದ್ಧವಾಗಿದ್ದವು. ಅಂಚು ನುಣುಪಾಗಿ, ಒಂದೇ ಅಳತೆಯಲ್ಲಿ, ರಬ್ಬರ್ ಬ್ಯಾಂಡು ಹಾಕಿದ ಕಟ್ಟುಗಳು. ಅಂಗಡಿಯವರು ಒಂದು ಕಟ್ಟನ್ನು ಕೈಯಲ್ಲಿ ಹಿಡಿದು, ಇದರ ಮೇಲೆ ಅಚ್ಚು ಹಾಕಿಸುವುದಾದರೆ ಪಕ್ಕದಲ್ಲೇ ಪ್ರೆಸ್ ಇದೆ, ಕನ್ನಡವೂ ಮಾಡಿಕೊಡುತ್ತಾರೆ ಎಂದರು. ತಾಯಿ ಬೇಡವೆಂದರು. ಮಕ್ಕಳ ಮುಂದೆಯೇ ಬರೆಯಬೇಕು, ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅವರು ನೋಡಬೇಕು ಎಂದರು. ಮರಳಿನ ಮೇಲೆ ಬೆರಳಾಡಿಸುತ್ತಿದ್ದ ಕಾಲದಲ್ಲಿ ಇದು ಎಲ್ಲ ಮೇಷ್ಟರಿಗೂ ಗೊತ್ತಿತ್ತು.

ಕಟ್ಟುಗಳು ಚೀಲಕ್ಕೆ ಹೋದವು, ಗೈಡ್ ಪುಸ್ತಕದ ಪಕ್ಕದಲ್ಲೇ. ರಾತ್ರಿಯ ರೈಲು ಈರೋಡಿಗೆ, ಅಲ್ಲಿಂದ ಬಸ್ಸು, ಘಾಟಿಯ 27 ತಿರುವು. ಸೋಮವಾರ ಬೆಳಿಗ್ಗೆ ಒಂದನೇ ತರಗತಿಗೆ ಹೊಸದಾಗಿ ಸೇರಿದ ಹನ್ನೊಂದು ಮಕ್ಕಳಿದ್ದಾರೆ. ಅವರಿಗೆ ರ ದಿಂದ ಶುರು. ಕೋಸಿನ ದರ ಓದಿದ ಹುಡುಗ ಈಗ ಐದನೇ ತರಗತಿ; ಮಧ್ಯಾಹ್ನದ ಬಿಡುವಿನಲ್ಲಿ ಆ ಚಿಕ್ಕವರ ಪಕ್ಕ ಕೂತು ಕಾರ್ಡು ಜೋಡಿಸಿ ತೋರಿಸುತ್ತಾನೆ. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿಲ್ಲ.